ಅಳೆದು ನೋಡೋಣ, ಮಿಸ್

ಏಳನೇ ತರಗತಿಯಲ್ಲಿ ಚಲನೆ ಮತ್ತು ಕಾಲದ ಪಾಠಕ್ಕೆ ಬಂದಾಗ ನಾನು ಮಕ್ಕಳಿಗೆ ಪುಸ್ತಕ ಮುಚ್ಚಿಡಲು ಹೇಳುತ್ತೇನೆ. ಒಂದು ಉಂಡೆ ದಾರ, ಅಂಗಳದಲ್ಲಿ ಆರಿಸಿದ ಕಲ್ಲು, ಒಂದು ಅಳತೆ ಟೇಪು ಇದ್ದರೆ ಸಾಕು. ಐದೈದು ಜನರ ಗುಂಪು. ಕಿಟಕಿಯ ಸರಳಿಗೆ ದಾರ ಕಟ್ಟಿ, ತುದಿಗೆ ಕಲ್ಲು ಬಿಗಿದು, ಗಂಟಿನಿಂದ ಕಲ್ಲಿನ ನಡುವಿನವರೆಗೆ ಸರಿಯಾಗಿ ಒಂದು ಮೀಟರ್ ಇರುವಂತೆ ನೋಡಿಕೊಂಡು, ಸ್ವಲ್ಪವೇ ಪಕ್ಕಕ್ಕೆ ಎಳೆದು ಬಿಡಬೇಕು. ಹೋಗಿ ಬಂದರೆ ಒಂದು ಆಂದೋಲನ. ಅಂಥ ಇಪ್ಪತ್ತಕ್ಕೆ ಎಷ್ಟು ಸೆಕೆಂಡು ಹಿಡಿಯಿತು ಎಂದು ಬೋರ್ಡಿನ ಮೇಲೆ ಬರೆಯಬೇಕು.

ಬೋರ್ಡಿನ ಮೇಲೆ ಬರುವ ಸಾಲು ಹೆಚ್ಚುಕಡಿಮೆ ಹೀಗಿರುತ್ತದೆ: 40, 41, 40, 38, 40.

38 ಬರೆದ ಗುಂಪಿನ ಕಡೆ ಎಲ್ಲರೂ ತಿರುಗುತ್ತಾರೆ. "ನಿಮ್ದು ತಪ್ಪು" ಅಂತ ಒಬ್ಬರು, "ನಿಮ್ದೇ ಯಾಕೆ ತಪ್ಪಿರಬಾರದು" ಅಂತ ಇವರು. ನಾನು ತೀರ್ಪು ಕೊಡುವುದಿಲ್ಲ. "ಇನ್ನೊಂದ್ಸಲ ಅಳೆದು ನೋಡೋಣ, ಮಿಸ್" ಎನ್ನುತ್ತಾರೆ. ಅಳೆದರೆ ಮತ್ತೆ 38. ದಾರದ ಉದ್ದ ನೋಡುತ್ತಾರೆ, ಸರಿಯಿದೆ. ಕಲ್ಲು ಬದಲಿಸುತ್ತಾರೆ, ಆಗಲೂ 38. ಕೊನೆಗೆ ಪಕ್ಕದ ಗುಂಪಿನ ಯಾರೋ ಒಬ್ಬಳು ಅವರು ಎಣಿಸುವುದನ್ನು ಕಿವಿಗೊಟ್ಟು ಕೇಳಿ ಹಿಡಿದುಬಿಡುತ್ತಾಳೆ: ಕಲ್ಲನ್ನು ಕೈಬಿಟ್ಟ ಕೂಡಲೇ ಅವರು "ಒಂದು" ಅನ್ನುತ್ತಿದ್ದಾರೆ. ಕೈಬಿಟ್ಟಾಗ ಒಂದೂ ಆಗಿಲ್ಲ, ಅದು ಸೊನ್ನೆ. ಅವರ ಇಪ್ಪತ್ತು ನಿಜದಲ್ಲಿ ಹತ್ತೊಂಬತ್ತು. ಒಂದು ಆಂದೋಲನಕ್ಕೆ ಎರಡು ಸೆಕೆಂಡಿನಂತೆ ಹತ್ತೊಂಬತ್ತಕ್ಕೆ ಮೂವತ್ತೆಂಟು. ತಪ್ಪೆಲ್ಲಿತ್ತು ಎನ್ನುವುದಷ್ಟೇ ಅಲ್ಲ, ಆ ತಪ್ಪು ಎಷ್ಟು ಸೆಕೆಂಡಿನದು ಎನ್ನುವುದೂ ಲೆಕ್ಕಕ್ಕೆ ಸಿಕ್ಕಿತು.

ಪ್ರತಿ ವರ್ಷ ಒಂದಲ್ಲ ಒಂದು ಗುಂಪು ಹೀಗೆ ಎಣಿಸುತ್ತದೆ. ಎಣಿಕೆ ಸೊನ್ನೆಯಿಂದ ಶುರುವಾಗಬೇಕು ಎಂದು ನಾನು ಮೊದಲೇ ಹೇಳಿಬಿಡಬಹುದು, ಪೀರಿಯಡ್ಡಿನ ಅರ್ಧ ಉಳಿಯುತ್ತದೆ. ಬೇಕೆಂದೇ ಹೇಳುವುದಿಲ್ಲ. ಎರಡು ಸಂಖ್ಯೆ ತಾಳೆಯಾಗದೆ ಇದ್ದಾಗ ಮಕ್ಕಳು ಕಾರಣ ಹುಡುಕಿಕೊಂಡು ಹೊರಡುವ ಆ ಇಪ್ಪತ್ತು ನಿಮಿಷಕ್ಕಾಗಿಯೇ ನಾನು ಈ ಕೆಲಸ ಮಾಡುತ್ತಿದ್ದೇನೆ.

ಚಳ್ಳಕೆರೆ ತಾಲ್ಲೂಕಿನ ಒಂದು ಹಳ್ಳಿಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಆರರಿಂದ ಎಂಟನೇ ತರಗತಿಗೆ ಗಣಿತ ಮತ್ತು ವಿಜ್ಞಾನ ಎರಡನ್ನೂ ಕಲಿಸುವವಳು ನಾನು. ಎರಡೂ ಒಬ್ಬರ ಕೈಯಲ್ಲಿರುವುದು ಹೊರೆ ಎಂದು ಸಹೋದ್ಯೋಗಿಗಳು ಹೇಳುವುದುಂಟು. ನನಗೆ ಅದು ಅನುಕೂಲ. ವಿಜ್ಞಾನದ ಪೀರಿಯಡ್ಡಿನಲ್ಲಿ ಅಳೆದದ್ದನ್ನು ಗಣಿತದ ಪೀರಿಯಡ್ಡಿಗೆ ಹೊತ್ತುಕೊಂಡು ಹೋಗಬಹುದು, ಯಾರ ಅಪ್ಪಣೆಯೂ ಬೇಕಿಲ್ಲ.

ಲೋಲಕವನ್ನೇ ತೆಗೆದುಕೊಳ್ಳಿ. ಭಾರದ ಕಲ್ಲು ಬೇಗ ತೂಗುತ್ತದೆ ಎಂದು ತರಗತಿಯ ಮುಕ್ಕಾಲು ಪಾಲು ಮಕ್ಕಳು ನಂಬಿರುತ್ತಾರೆ. ಕಟ್ಟಿ ನೋಡಿದರೆ ಭಾರದಿಂದ ಏನೂ ವ್ಯತ್ಯಾಸ ಆಗುವುದಿಲ್ಲ. ಹಾಗಾದರೆ ಆಗುವುದು ಯಾವುದರಿಂದ? ದಾರದ ಉದ್ದದಿಂದ. 25 ಸೆಂಟಿಮೀಟರ್ ದಾರಕ್ಕೆ ಒಂದು ಸೆಕೆಂಡು, ಒಂದು ಮೀಟರಿಗೆ ಎರಡು ಸೆಕೆಂಡು. ಇಲ್ಲಿಗೆ ಬಂದಾಗ ಕೇಳುತ್ತೇನೆ: ನಾಲ್ಕು ಸೆಕೆಂಡು ಬೇಕಾದರೆ ದಾರ ಎಷ್ಟುದ್ದ ಇರಬೇಕು? "ಎರಡು ಮೀಟರ್" ಎಂದು ಒಕ್ಕೊರಲಿನಿಂದ ಉತ್ತರ ಬರುತ್ತದೆ. ಬಾಗಿಲ ತೊಲೆಗೆ ಎರಡು ಮೀಟರ್ ದಾರ ಕಟ್ಟಿ ತೂಗಿದರೆ ನಾಲ್ಕು ಬರುವುದಿಲ್ಲ, ಮೂರಕ್ಕೂ ಸ್ವಲ್ಪ ಕಡಿಮೆಯೇ ಬರುತ್ತದೆ. ಆಗ ಹಿಂದಿನ ಎರಡು ಅಳತೆಗಳನ್ನು ಮತ್ತೆ ನೋಡುತ್ತಾರೆ. 25ರಿಂದ 100 ಅಂದರೆ ನಾಲ್ಕು ಪಟ್ಟು. ಸಮಯ ಮಾತ್ರ ಎರಡು ಪಟ್ಟು. ಹಾಗಾದರೆ ಇನ್ನೊಮ್ಮೆ ಎರಡು ಪಟ್ಟಾಗಲು ಇನ್ನೊಮ್ಮೆ ನಾಲ್ಕು ಪಟ್ಟು. ನಾಲ್ಕು ಮೀಟರ್! ತರಗತಿಯೊಳಗೆ ಅಷ್ಟು ಎತ್ತರ ಇಲ್ಲ. ಶಾಲೆಯ ಹಿಂದಿನ ಹುಣಸೆ ಮರದ ಕೊಂಬೆಗೆ ಒಬ್ಬ ಹುಡುಗ ಹತ್ತಿ ದಾರ ಕಟ್ಟುತ್ತಾನೆ, ಕೆಳಗೆ ನಾನೇ ನಿಂತಿರುತ್ತೇನೆ. ಕಲ್ಲು ನಿಧಾನವಾಗಿ ಹೋಗಿ ನಿಧಾನವಾಗಿ ಬರುತ್ತದೆ. ಹತ್ತು ಆಂದೋಲನಕ್ಕೆ ನಲವತ್ತು ಸೆಕೆಂಡು. ತಾವು ಮೊದಲೇ ಹೇಳಿದ ಸಂಖ್ಯೆ ಮರದ ಕೆಳಗೆ ನಿಜವಾದಾಗ ಈ ಮಕ್ಕಳು ಹಾಕುವ ಕೇಕೆ ಊರಿಗೆ ಕೇಳಿಸುತ್ತದೆ. ಮರುವರ್ಷ ಎಂಟನೇ ತರಗತಿಯಲ್ಲಿ ವರ್ಗಮೂಲ ಬಂದಾಗ ನಾನು ಹೆಚ್ಚು ವಿವರಿಸಬೇಕಾಗುವುದಿಲ್ಲ. "ಹುಣಸೆ ಮರ" ಅಂದರೆ ಸಾಕು.

1656ರಲ್ಲಿ ಡಚ್ ವಿಜ್ಞಾನಿ ಕ್ರಿಸ್ಟಿಯಾನ್ ಹೈಗೆನ್ಸ್ ಲೋಲಕದ ಗಡಿಯಾರ ರೂಪಿಸಿದ್ದು ಇದೇ ಗುಣವನ್ನು ನಂಬಿ. ಆ ಮಾತನ್ನು ಮರ ಇಳಿದ ಮೇಲೆ ಹೇಳುತ್ತೇನೆ. ಮೊದಲೇ ಹೇಳಿದರೆ ಅದು ಪರೀಕ್ಷೆಗೆ ಬರೆದುಕೊಳ್ಳುವ ಇಸವಿಯಾಗಿ ಉಳಿಯುತ್ತದೆ.

ಶಾಲೆಯ 'ಪ್ರಾಜೆಕ್ಟ್' ಎಂದರೆ ಎಷ್ಟೋ ಮನೆಗಳಲ್ಲಿ ಬೇರೆಯೇ ಚಿತ್ರ ಇದೆ. ಥರ್ಮಾಕೋಲಿನ ಹಾಳೆ, ಫೆವಿಕಾಲು, ಬಣ್ಣ, ರಾತ್ರಿ ಹನ್ನೊಂದರವರೆಗೆ ಕತ್ತರಿಸುತ್ತ ಕುಳಿತ ಅಪ್ಪ ಅಮ್ಮ. ಜ್ವಾಲಾಮುಖಿ, ಸೌರವ್ಯೂಹ, ಗಾಳಿಯಂತ್ರ. ಪಟ್ಟಣದ ಅಂಗಡಿಗಳಲ್ಲಿ ಸಿದ್ಧ ಮಾದರಿಗಳೇ ಸಿಗುತ್ತವೆ, ಹೆಸರು ಬರೆದು ಕೊಟ್ಟರಾಯಿತು. ಅಡುಗೆ ಸೋಡಾ ಮತ್ತು ವಿನೆಗರ್ ಸೇರಿ ನೊರೆ ಉಕ್ಕುವುದು ಮಕ್ಕಳಿಗೆ ಖುಷಿ ಕೊಡುತ್ತದೆ, ಆ ಖುಷಿಯ ಬಗ್ಗೆ ನನಗೆ ತಕರಾರಿಲ್ಲ. ನನ್ನ ತಕರಾರು ಇಷ್ಟೇ: ಆ ಜ್ವಾಲಾಮುಖಿ ಎಂದೂ ಸೋಲುವುದಿಲ್ಲ. ಹೇಗೆ ಸುರಿದರೂ ಉಕ್ಕುತ್ತದೆ, ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ, ಮುಗಿಯಿತು. ಮಗು ಮೊದಲು ಏನು ಅಂದುಕೊಂಡಿತ್ತು, ಆಮೇಲೆ ಏನು ಬಂತು, ಎರಡೂ ಯಾಕೆ ಬೇರೆಯಾದವು ಎನ್ನುವ ಪ್ರಶ್ನೆಗೆ ಅಲ್ಲಿ ಜಾಗವೇ ಇಲ್ಲ. ಎಷ್ಟು ಚಮಚ ಸೋಡಾಕ್ಕೆ ಎಷ್ಟು ವಿನೆಗರ್ ಹಾಕಿದರೆ ನೊರೆ ಎಷ್ಟು ಎತ್ತರ ಏರುತ್ತದೆ, ಸೋಡಾ ಇಮ್ಮಡಿಯಾದರೆ ನೊರೆಯೂ ಇಮ್ಮಡಿಯಾಗುತ್ತದೆಯೇ ಎಂದು ಕೇಳಿ. ಅದೇ ಜ್ವಾಲಾಮುಖಿ ಒಂದು ಪ್ರಯೋಗವಾಗುತ್ತದೆ. ಬಣ್ಣ ಬಳಿಯುವುದೂ ಬೇಕಿಲ್ಲ, ಒಂದು ಗಾಜಿನ ಲೋಟ ಸಾಕು.

ಹೀಗೆ ಪ್ರಯೋಗ ಮಾಡಿಸಿ ಕಲಿಸುವುದನ್ನು ನಮ್ಮ ದೇಶದಲ್ಲಿ ದೊಡ್ಡ ಪ್ರಮಾಣದಲ್ಲಿ ಮಾಡಿ ತೋರಿಸಿದವರಿದ್ದಾರೆ. 1972ರಲ್ಲಿ ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯ 16 ಸರ್ಕಾರಿ ಮಾಧ್ಯಮಿಕ ಶಾಲೆಗಳಲ್ಲಿ, ಅಂದರೆ ನಮ್ಮ ಆರರಿಂದ ಎಂಟನೇ ತರಗತಿಗಳಲ್ಲೇ, ಕಿಶೋರ್ ಭಾರತಿ ಮತ್ತು ರಸೂಲಿಯಾದ ಫ್ರೆಂಡ್ಸ್ ರೂರಲ್ ಸೆಂಟರ್ ಎಂಬ ಎರಡು ಸಂಸ್ಥೆಗಳು ಹೊಸ ಬಗೆಯ ವಿಜ್ಞಾನ ಶಿಕ್ಷಣ ಆರಂಭಿಸಿದವು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು, ದೆಹಲಿ ವಿಶ್ವವಿದ್ಯಾಲಯದ ಅಧ್ಯಾಪಕರು ಹಳ್ಳಿಯ ಮೇಷ್ಟ್ರುಗಳ ಜೊತೆ ಕುಳಿತು ಕೆಲಸ ಮಾಡಿದರು. 1978ರಲ್ಲಿ ಇದು ಜಿಲ್ಲೆಯ ಎಲ್ಲ ಮಾಧ್ಯಮಿಕ ಶಾಲೆಗಳಿಗೂ ಹರಡಿತು. 1982ರಲ್ಲಿ ಹುಟ್ಟಿದ ಏಕಲವ್ಯ ಸಂಸ್ಥೆ ಮುಂದೆ ಅದರ ಹೊಣೆ ಹೊತ್ತಿತು. 'ಬಾಲ್ ವೈಜ್ಞಾನಿಕ್' ಎಂಬ ಅವರ ಪಠ್ಯಪುಸ್ತಕದಲ್ಲಿ ಉತ್ತರಗಳಿಗಿಂತ ಮಾಡಿ ನೋಡಬೇಕಾದ ಕೆಲಸಗಳೇ ಹೆಚ್ಚು. ಪರೀಕ್ಷೆಯಲ್ಲಿ ಪುಸ್ತಕ ತೆರೆದಿಟ್ಟುಕೊಂಡೇ ಬರೆಯಬಹುದಿತ್ತು, ಜೊತೆಗೆ ಪ್ರಯೋಗ ಪರೀಕ್ಷೆಯೂ ಇತ್ತು. ನನಗೆ ಇಡೀ ಕಾರ್ಯಕ್ರಮದಲ್ಲಿ ಎಲ್ಲಕ್ಕಿಂತ ದಿಟ್ಟ ಹೆಜ್ಜೆ ಅನ್ನಿಸುವುದು ಈ ಪರೀಕ್ಷೆ. ಕಲಿಸುವ ರೀತಿ ಬದಲಿಸಿ ಪರೀಕ್ಷೆಯನ್ನು ಹಳೆಯದೇ ಉಳಿಸಿಕೊಂಡರೆ ಫೆಬ್ರವರಿಯ ಹೊತ್ತಿಗೆ ಮಕ್ಕಳೂ ಮೇಷ್ಟ್ರೂ ಬಾಯಿಪಾಠಕ್ಕೆ ಮರಳುತ್ತಾರೆ.

ಐಐಟಿ ಕಾನ್ಪುರದಲ್ಲಿ ಓದಿ ಟೆಲ್ಕೋದಲ್ಲಿ ಎಂಜಿನಿಯರ್ ಆಗಿದ್ದ ಅರವಿಂದ ಗುಪ್ತಾ 1978ರಲ್ಲಿ ಅಲ್ಲಿಗೆ ಹೋದವರು. ಬೆಂಕಿಕಡ್ಡಿ ಮತ್ತು ಸೈಕಲ್ ವಾಲ್ವ್ ಟ್ಯೂಬಿನ ಸಣ್ಣ ತುಂಡುಗಳನ್ನು ಜೋಡಿಸಿ ತ್ರಿಭುಜ, ಚೌಕ, ಘನಾಕೃತಿ ಮಾಡುವ ಅವರ ವಿಧಾನ ಈಗ ದೇಶದ ಮೂಲೆಮೂಲೆಯ ಶಾಲೆಗಳಲ್ಲಿದೆ. ನಮ್ಮ ಆರನೇ ತರಗತಿಯಲ್ಲೂ ಇದೆ. ತ್ರಿಭುಜವನ್ನು ಹಿಂಡಿದರೂ ಅದು ಆಕಾರ ಬಿಡುವುದಿಲ್ಲ, ಚೌಕ ಒತ್ತಿದ ಕಡೆಗೆ ವಾಲುತ್ತದೆ. ಜಾತ್ರೆಗೆ ಹಾಕುವ ಚಪ್ಪರಕ್ಕೆ ಓರೆ ಗಳ ಯಾಕೆ ಕಟ್ಟುತ್ತಾರೆ ಎಂದು ಅದಾದ ಮೇಲೆ ಕೇಳಿ, ಹಿಂದಿನ ಬೆಂಚಿನಿಂದಲೂ ಉತ್ತರ ಬರುತ್ತದೆ. ಅರವಿಂದ ಗುಪ್ತಾ ಅವರಿಗೆ 2018ರಲ್ಲಿ ಪದ್ಮಶ್ರೀ ಬಂತು. ಹೋಶಂಗಾಬಾದಿನ ಕಾರ್ಯಕ್ರಮ ಮಾತ್ರ 2002ರಲ್ಲೇ ನಿಂತುಹೋಗಿತ್ತು, ಸರ್ಕಾರವೇ ಅದನ್ನು ನಿಲ್ಲಿಸಿತು. ಮೂರು ದಶಕ ನಡೆದ ಕೆಲಸ ಹಾಗೆ ಮುಗಿದದ್ದು ನನಗೆ ಈಗಲೂ ನೋವಿನ ಸಂಗತಿ.

ಕರ್ನಾಟಕದಲ್ಲಿ ಏನೂ ಇಲ್ಲವೆಂದಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ನಲಿ-ಕಲಿ ಒಂದರಿಂದ ಮೂರನೇ ತರಗತಿಯ ಮಕ್ಕಳ ಕೈಗೆ ಕಾರ್ಡು, ಕಡ್ಡಿ, ಬೀಜ ಕೊಟ್ಟಿತು. ನಾಲ್ಕಕ್ಕೆ ಬರುತ್ತಲೇ ಅದು ಮುಗಿಯುತ್ತದೆ, ಮಗು ಬೆಂಚಿನಲ್ಲಿ ಬೋರ್ಡಿನ ಕಡೆ ಮುಖ ಮಾಡಿ ಕೂರುತ್ತದೆ. ಹನ್ನೊಂದು ಹನ್ನೆರಡರ ವಯಸ್ಸು ಕೈ ಕಟ್ಟಿ ಕೂರಿಸುವ ವಯಸ್ಸಲ್ಲ. ಸೈಕಲ್ ಬಿಚ್ಚಿ ಜೋಡಿಸುವ, ಬೋರ್‌ವೆಲ್ ಸ್ಟಾರ್ಟರ್ ಒತ್ತಿ ಗದ್ದೆಗೆ ನೀರು ಬಿಡುವ, ಸಂತೆಯಲ್ಲಿ ಅಮ್ಮನ ಜೊತೆ ತಕ್ಕಡಿ ಹಿಡಿಯುವ ಮಕ್ಕಳು ಇವರು.

ಇಂಥ ಮಕ್ಕಳೊಡನೆ ಅಂಗಳದಲ್ಲಿ ಮಾಡುವ ನೆರಳಿನ ಪ್ರಯೋಗದ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ಅದಕ್ಕೆ ಬೇಕಾಗುವುದು ಒಂದು ಕೋಲು ಮಾತ್ರ, ಆದರೆ ಅದು ತಲುಪುವುದು ಭೂಮಿಯ ಸುತ್ತಳತೆಯವರೆಗೆ.

ಮಧ್ಯಾಹ್ನ ಹನ್ನೆರಡಕ್ಕೆ ಸೂರ್ಯ ನೆತ್ತಿಯ ಮೇಲೆ ಇರುತ್ತಾನೆ ಎಂದು ಮಕ್ಕಳು ಮಾತ್ರವಲ್ಲ, ದೊಡ್ಡವರೂ ಹೇಳುತ್ತಾರೆ. ಅಂಗಳದಲ್ಲಿ ಒಂದು ಮೀಟರ್ ಕೋಲು ನೆಟ್ಟಗೆ ನಿಲ್ಲಿಸಿ, ಹನ್ನೊಂದೂವರೆಯಿಂದ ಒಂದು ಗಂಟೆಯವರೆಗೆ ಐದೈದು ನಿಮಿಷಕ್ಕೊಮ್ಮೆ ನೆರಳಿನ ತುದಿಗೆ ಸೀಮೆಸುಣ್ಣದ ಚುಕ್ಕೆ ಇಟ್ಟರೆ ಎರಡು ಸಂಗತಿ ಗೊತ್ತಾಗುತ್ತವೆ. ನೆರಳು ಅತಿ ಚಿಕ್ಕದಾಗುವುದು ಹನ್ನೆರಡಕ್ಕಲ್ಲ, ನಮ್ಮಲ್ಲಿ ಸುಮಾರು ಹನ್ನೆರಡೂವರೆಯ ಆಸುಪಾಸಿಗೆ. ಮತ್ತೆ, ಆಗಲೂ ನೆರಳು ಪೂರ್ತಿ ಮಾಯವಾಗುವುದಿಲ್ಲ. ಮೊದಲನೆಯದಕ್ಕೆ ಕಾರಣ ನಮ್ಮ ಗಡಿಯಾರ. ಭಾರತದ ಸಮಯವನ್ನು 82.5 ಡಿಗ್ರಿ ಪೂರ್ವ ರೇಖಾಂಶಕ್ಕೆ ಹೊಂದಿಸಿದೆ. ಚಳ್ಳಕೆರೆ ಇರುವುದು ಸುಮಾರು 76.65 ಡಿಗ್ರಿಯಲ್ಲಿ. ಭೂಮಿ ಒಂದು ಡಿಗ್ರಿ ತಿರುಗಲು ನಾಲ್ಕು ನಿಮಿಷ ಬೇಕು, ಆದ್ದರಿಂದ ಸೂರ್ಯ ನಮ್ಮಲ್ಲಿಗೆ ಇಪ್ಪತ್ತಮೂರು ನಿಮಿಷ ತಡವಾಗಿ ಬರುತ್ತಾನೆ. ದಿನದಿಂದ ದಿನಕ್ಕೆ ಇನ್ನಷ್ಟು ನಿಮಿಷ ಹಿಂದುಮುಂದಾಗುವುದೂ ಉಂಟು. ಗುಣಾಕಾರ ಬಲ್ಲ ಆರನೇ ತರಗತಿಯ ಮಗು ಈ ಲೆಕ್ಕ ಮಾಡುತ್ತದೆ.

ಎರಡನೆಯ ಸಂಗತಿಗೆ ಆಗಸ್ಟ್‌ವರೆಗೆ ಕಾಯಬೇಕು. ಮಕರ ಮತ್ತು ಕರ್ಕಾಟಕ ಸಂಕ್ರಾಂತಿ ವೃತ್ತಗಳ ನಡುವಿನ ಎಲ್ಲ ಊರುಗಳಲ್ಲೂ ವರ್ಷಕ್ಕೆ ಎರಡು ದಿನ ಸೂರ್ಯ ನಿಜವಾಗಿ ನೆತ್ತಿಯ ಮೇಲೆ ಬರುತ್ತಾನೆ. ದೆಹಲಿಯಲ್ಲಿ ಎಂದೂ ಬರುವುದಿಲ್ಲ, ಅದು 23.5 ಡಿಗ್ರಿಯ ಗೆರೆಗಿಂತ ಉತ್ತರಕ್ಕಿದೆ. ಇದನ್ನು ಕೇಳಿ ನಮ್ಮ ಮಕ್ಕಳು ಹೆಮ್ಮೆಪಡುತ್ತಾರೆ. ಬೆಂಗಳೂರಿನಲ್ಲಿ ಆ ಎರಡು ದಿನ ಏಪ್ರಿಲ್ 24 ಮತ್ತು ಆಗಸ್ಟ್ 18ರ ಸುಮಾರಿಗೆ ಬೀಳುತ್ತವೆ. 14.3 ಡಿಗ್ರಿ ಅಕ್ಷಾಂಶದ ನಮ್ಮಲ್ಲಿ ಏಪ್ರಿಲ್ ಕೊನೆಗೊಮ್ಮೆ, ಆಗಸ್ಟ್ 14ರ ಆಸುಪಾಸಿಗೊಮ್ಮೆ. ಏಪ್ರಿಲ್‌ನಲ್ಲಿ ಬೇಸಿಗೆ ರಜೆ. ಆಗಸ್ಟ್ 14 ಎಂದರೆ ಧ್ವಜಾರೋಹಣದ ತಯಾರಿಯ ದಿನ. ಇಡೀ ಶಾಲೆ ಅಂಗಳದಲ್ಲೇ ಇರುತ್ತದೆ. ಮೋಡ ಬಿಟ್ಟುಕೊಟ್ಟರೆ 12 ಗಂಟೆ 28 ನಿಮಿಷಕ್ಕೆ ಧ್ವಜಸ್ತಂಭದ ನೆರಳು ಅದರ ಬುಡದೊಳಗೇ ಸೇರಿಕೊಳ್ಳುತ್ತದೆ.

ಕುರಿ ಸಾಕುವ ಮನೆಯ ಹುಡುಗನೊಬ್ಬ ಒಮ್ಮೆ ಹೇಳಿದ: "ನಮ್ ತಾತ ನೆರಳು ನೋಡೇ ಬುತ್ತಿ ಬಿಚ್ತಾನೆ ಮಿಸ್. ಚಳಿಗಾಲದಾಗೆ ಮಧ್ಯಾಹ್ನದ ನೆರಳೂ ಉದ್ದ ಇರ್ತೈತಂತೆ." ಪಠ್ಯಪುಸ್ತಕದ ಋತುಮಾನದ ಪಾಠವೆಲ್ಲ ಆ ಒಂದು ಮಾತಿನಲ್ಲಿತ್ತು. ಡಿಸೆಂಬರಿನಲ್ಲಿ ಅವನೇ ಮುಂದೆ ನಿಂತು ಅಳೆಸಿದ.

ಇನ್ನು ಭೂಮಿ. ಎರಡು ಸಾವಿರದ ಇನ್ನೂರು ವರ್ಷಗಳಿಗೂ ಹಿಂದೆ ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿ ಎರಟೊಸ್ಥೆನೀಸ್ ಎಂಬ ವಿದ್ವಾಂಸ ಎರಡು ಊರುಗಳ ನೆರಳಿನ ವ್ಯತ್ಯಾಸದಿಂದ ಭೂಮಿಯ ಸುತ್ತಳತೆ ಲೆಕ್ಕ ಹಾಕಿದ. ನಕಾಶೆ ನೋಡುತ್ತಿದ್ದಾಗ ನನಗೆ ಒಂದು ಅನುಕೂಲ ಕಂಡಿತು: ಮೈಸೂರು ಚಳ್ಳಕೆರೆಯ ನೇರ ದಕ್ಷಿಣಕ್ಕಿದೆ, ಹೆಚ್ಚುಕಡಿಮೆ ಒಂದೇ ರೇಖಾಂಶ. ಎರಡೂ ಕಡೆ ನಡುಹಗಲು ಒಂದೇ ಹೊತ್ತಿಗೆ. ಅಲ್ಲಿ ಶಿಕ್ಷಕಿಯಾಗಿರುವ ಗೆಳತಿಗೆ ಫೋನ್ ಮಾಡಿದೆ. ನಮ್ಮ ಕಂಬಕ್ಕೆ ನೆರಳಿಲ್ಲದ ಗಳಿಗೆಯಲ್ಲಿ ಅವರ ಒಂದು ಮೀಟರ್ ಕೋಲಿಗೆ ನೆರಳಿತ್ತು, ಅದೂ ದಕ್ಷಿಣಕ್ಕೆ. ಅವರ ಮಕ್ಕಳು ಮೂರು ಗುಂಪಾಗಿ ಅಳೆದು ಹೇಳಿದ ಉದ್ದ 3, 3.5, 4 ಸೆಂಟಿಮೀಟರ್.

ತ್ರಿಕೋನಮಿತಿ ಗೊತ್ತಿಲ್ಲದ ಮಕ್ಕಳು ಇದರಿಂದ ಭೂಮಿಯನ್ನು ಅಳೆಯುವುದು ಹೇಗೆ? ಅನುಪಾತ ಗೊತ್ತಿದ್ದರೆ ಸಾಕು. ಒಂದು ಮೀಟರ್ ತ್ರಿಜ್ಯದ ವೃತ್ತದ ಸುತ್ತಳತೆ 628 ಸೆಂಟಿಮೀಟರ್. ಆ 628ರಲ್ಲಿ ಮೂರೂವರೆ ಸೆಂಟಿಮೀಟರ್ ಎಷ್ಟನೇ ಒಂದು ಪಾಲೋ, ಭೂಮಿಯ ಸುತ್ತಳತೆಯಲ್ಲಿ ಚಳ್ಳಕೆರೆಯಿಂದ ಮೈಸೂರಿನ ದೂರವೂ ಅಷ್ಟನೇ ಒಂದು ಪಾಲು. ನಕಾಶೆಯ ಮೇಲೆ ಸ್ಕೇಲಿಟ್ಟು ಮಕ್ಕಳು ತೆಗೆದ ನೇರ ದೂರ ಸುಮಾರು 220 ಕಿಲೋಮೀಟರ್. 220ನ್ನು 628ರಿಂದ ಗುಣಿಸಿ 3.5ರಿಂದ ಭಾಗಿಸಿದರೆ ಸುಮಾರು 39,500 ಕಿಲೋಮೀಟರ್. ಭೂಮಿಯ ನಿಜವಾದ ಸುತ್ತಳತೆ ಸುಮಾರು 40,000. ಒಂದು ಕೋಲು, ಒಂದು ಫೋನು, ಒಂದು ಭಾಗಾಕಾರ!

ಇಲ್ಲಿಗೇ ನಿಲ್ಲಿಸಿ ಬೆನ್ನು ತಟ್ಟಿಕೊಳ್ಳಬಹುದು. ನಾನು ಉಳಿದ ಎರಡು ಗುಂಪಿನ ಅಳತೆಯನ್ನೂ ಹಾಕಿಸಿದೆ. 3 ಸೆಂಟಿಮೀಟರಿಗೆ ಭೂಮಿ 46,000 ಕಿಲೋಮೀಟರಿಗೆ ಹಿಗ್ಗಿತು, 4ಕ್ಕೆ 34,500ಕ್ಕೆ ಕುಗ್ಗಿತು. ಅರ್ಧ ಸೆಂಟಿಮೀಟರಿಗೆ ಇಷ್ಟು ವ್ಯತ್ಯಾಸವೇ? ಅಷ್ಟಕ್ಕೂ ಆ ಅರ್ಧ ಸೆಂಟಿಮೀಟರ್ ಬಂದದ್ದೆಲ್ಲಿಂದ? ನಮ್ಮ ಕೋಲಿನ ನೆರಳನ್ನು ಬಗ್ಗಿ ನೋಡಿದಾಗ ಉತ್ತರ ಸಿಕ್ಕಿತು. ನೆರಳಿನ ಅಂಚು ಗೆರೆ ಎಳೆದಂತೆ ಇರುವುದಿಲ್ಲ, ಕಪ್ಪು ನಿಧಾನವಾಗಿ ಬೂದು ಬಣ್ಣಕ್ಕೆ ತಿರುಗಿ ಕರಗುತ್ತದೆ. ಸೂರ್ಯ ಒಂದು ಚುಕ್ಕೆಯಲ್ಲ, ತಟ್ಟೆ. ಮೇಲಂಚಿನ ಬೆಳಕೂ ಕೆಳಅಂಚಿನ ಬೆಳಕೂ ಬೇರೆಬೇರೆ ಕಡೆ ನೆರಳು ಕೊನೆಗೊಳಿಸುತ್ತವೆ. ಒಂದು ಮೀಟರ್ ದೂರಕ್ಕೆ ಈ ಮಬ್ಬು ಸುಮಾರು 9 ಮಿಲಿಮೀಟರ್. ರಟ್ಟಿನಲ್ಲಿ ಗುಂಡುಸೂಜಿಯ ತೂತು ಮಾಡಿ, ಒಂದು ಮೀಟರ್ ದೂರದ ಕಾಗದದ ಮೇಲೆ ಸೂರ್ಯನ ಬಿಂಬ ಬೀಳಿಸಿದರೆ ಅದರ ವ್ಯಾಸವೂ ಅಷ್ಟೇ ಬರುತ್ತದೆ. ಹೊಂಗೆ ಮರದ ಕೆಳಗೆ ಬೀಳುವ ದುಂಡನೆಯ ಬೆಳಕಿನ ಬೊಟ್ಟುಗಳೂ ಸೂರ್ಯನ ಬಿಂಬಗಳೇ. 2019ರ ಡಿಸೆಂಬರ್ 26ರ ಗ್ರಹಣದ ದಿನ ಅವೆಲ್ಲ ಕುಡುಗೋಲಿನ ಆಕಾರ ತಾಳಿದ್ದನ್ನು ರಾಜ್ಯದ ಎಷ್ಟೋ ಕಡೆ ಜನ ಕಂಡಿದ್ದಾರೆ.

ಹೀಗೆ ಸುತ್ತಳತೆಗೆ ಹೊರಟವರು ಸೂರ್ಯನ ಗಾತ್ರಕ್ಕೆ ಬಂದು ನಿಂತೆವು. ಪಾಠ ಯೋಜನೆಯಲ್ಲಿ ಬರೆದು ಇಂಥದ್ದನ್ನು ತರಿಸಲು ಆಗುವುದಿಲ್ಲ. ಸೂರ್ಯನನ್ನು ನೇರವಾಗಿ ನೋಡಬಾರದು ಎಂಬ ಎಚ್ಚರಿಕೆಯನ್ನು ಮಾತ್ರ ಪ್ರತಿ ಸಲವೂ ಹೇಳಲೇಬೇಕು, ತೂತಿನ ಮೂಲಕವೂ ನೋಡಬಾರದು, ಕಾಗದದ ಮೇಲಿನ ಬಿಂಬವನ್ನಷ್ಟೇ.

ರಸಾಯನದ ಕಡೆ ಇಷ್ಟು ಓಡಾಟ ಬೇಕಿಲ್ಲ. ಆರತಿ ತಟ್ಟೆಯ ನೀರು ಕೆಂಪಾಗುವುದು ಅರಿಶಿನಕ್ಕೆ ಸುಣ್ಣ ಬಿದ್ದಾಗ ಎಂದು ಎಲ್ಲ ಹೆಣ್ಣುಮಕ್ಕಳಿಗೂ ಗೊತ್ತು. ಅರಿಶಿನ ಪ್ರತ್ಯಾಮ್ಲಕ್ಕೆ ಕೆಂಪಾಗುತ್ತದೆ, ಆಮ್ಲಕ್ಕೆ ಹಳದಿಯಾಗಿಯೇ ಉಳಿಯುತ್ತದೆ. ನಾವು ಸುಣ್ಣದ ತಿಳಿನೀರಿಗೆ ಅರಿಶಿನ ಹಾಕಿ, ನಿಂಬೆರಸವನ್ನು ಹನಿಹನಿಯಾಗಿ ಬಿಟ್ಟು, ಎಷ್ಟನೇ ಹನಿಗೆ ಕೆಂಪು ಹೋಗಿ ಹಳದಿ ಮರಳುತ್ತದೆ ಎಂದು ಎಣಿಸುತ್ತೇವೆ. ಕಾಲೇಜಿನ ಪ್ರಯೋಗಾಲಯದಲ್ಲಿ ಬ್ಯುರೆಟ್ ಹಿಡಿದು ಮಾಡುವುದೂ ಇದನ್ನೇ. ಒಣಗಿದ ನಿಂಬೆಗೂ ರಸಭರಿತ ನಿಂಬೆಗೂ ಹನಿಗಳ ಲೆಕ್ಕ ಬೇರೆ ಬಂದರೆ ಮತ್ತೆ ಜಗಳ, ಮತ್ತೆ ಎಣಿಕೆ.

"ಇಷ್ಟೆಲ್ಲ ಮಾಡಿದರೆ ಪಠ್ಯ ಮುಗಿಸುವುದು ಯಾವಾಗ?" ಕ್ಲಸ್ಟರ್ ಸಭೆಗಳಲ್ಲಿ ನನಗೆ ಹೆಚ್ಚು ಎದುರಾಗುವ ಪ್ರಶ್ನೆ ಇದು. ನ್ಯಾಯವಾದ ಪ್ರಶ್ನೆ. ನಲವತ್ತು ನಿಮಿಷದ ಪೀರಿಯಡ್ಡು, ಅದರಲ್ಲಿ ಹಾಜರಿ, ದಾರ ಹಂಚುವುದು, ಗುಂಪು ಮಾಡುವುದು. ನಾನು ಎಲ್ಲ ಪಾಠಕ್ಕೂ ಪ್ರಯೋಗ ಮಾಡಿಸುವುದಿಲ್ಲ, ಮಾಡಿಸಬೇಕೆಂದೂ ನಂಬುವುದಿಲ್ಲ. ಪರಮಾಣುವನ್ನು ಕೈಯಲ್ಲಿ ಹಿಡಿದು ತೋರಿಸಲಾಗದು, ಅಲ್ಲಿ ಒಳ್ಳೆಯ ವಿವರಣೆಯೇ ಬೇಕು. ಥರ್ಮಾಕೋಲಿನ ಗುಂಡುಗಳನ್ನು ಕಡ್ಡಿಗೆ ಚುಚ್ಚಿದ ಮಾತ್ರಕ್ಕೆ ಅದು 'ಮಾಡಿ ಕಲಿ' ಆಗುವುದಿಲ್ಲ. ವರ್ಷಕ್ಕೆ ನಾಲ್ಕೈದು ಕೆಲಸ ಸಾಕು, ಆದರೆ ಪ್ರತಿಯೊಂದನ್ನೂ ಅದು ಹಿಡಿಯುವಷ್ಟು ಹೊತ್ತು ಬಿಡಬೇಕು. ಒಂದು ಲೋಲಕದಲ್ಲಿ ಸರಾಸರಿ, ಅನುಪಾತ, ನಕ್ಷೆ ಎಳೆಯುವುದು, ವರ್ಗ ಮತ್ತು ವರ್ಗಮೂಲ ಇಷ್ಟೂ ಆಗುತ್ತದೆ. ಗಣಿತದ ಪುಸ್ತಕದಲ್ಲಿ ಇವು ನಾಲ್ಕು ಬೇರೆ ಅಧ್ಯಾಯಗಳು. ಹಾಗೆ ನೋಡಿದರೆ ಸಮಯ ಉಳಿದದ್ದೇ ಹೆಚ್ಚು.

ಇನ್ನೊಂದು ಮಾತನ್ನು ಶಿಕ್ಷಕರಿಗೇ ಹೇಳಬೇಕು. ತಾನು ಮಾಡದ ಪ್ರಯೋಗವನ್ನು ಮಕ್ಕಳಿಂದ ಮಾಡಿಸಲು ಆಗುವುದಿಲ್ಲ. ನಮ್ಮ ತಾಲ್ಲೂಕಿನ ಕುದಾಪುರದಲ್ಲಿರುವ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ವಿಜ್ಞಾನ ಶಿಕ್ಷಕರನ್ನು ಕೂರಿಸಿ ಅವರ ಕೈಯಿಂದಲೇ ಪ್ರಯೋಗ ಮಾಡಿಸುವ ತರಬೇತಿ ನಡೆಯುತ್ತದೆ. ಅಂಥದ್ದು ಪ್ರತಿ ಜಿಲ್ಲೆಗೂ ಬೇಕು, ಹಿರಿಯ ಪ್ರಾಥಮಿಕ ಶಾಲೆಯವರಿಗೆ ಇನ್ನೂ ಹೆಚ್ಚು ಬೇಕು. ಮಕ್ಕಳ ಹೊಸ ಆಲೋಚನೆಗೆ ಕೊಡುವ ಹತ್ತು ಸಾವಿರ ರೂಪಾಯಿಯ ಇನ್‌ಸ್ಪೈರ್ ಪ್ರಶಸ್ತಿ ಆರನೇ ತರಗತಿಯಿಂದಲೇ ಸಿಗುತ್ತದೆ, ಹಣದ ದಾರಿ ಇದೆ. ಕೈ ಹಿಡಿದು ತೋರಿಸುವ ಜನ ಕಡಿಮೆ.

ಈಗ ನಮ್ಮ ಶಾಲೆಯಲ್ಲಿ ನಡೆಯುತ್ತಿರುವುದು ಮಳೆಯ ಅಳತೆ. ರಾಜ್ಯದಲ್ಲೇ ಅತಿ ಕಡಿಮೆ ಮಳೆಯ ತಾಲ್ಲೂಕುಗಳಲ್ಲಿ ನಮ್ಮದೂ ಒಂದು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ದಾಟುತ್ತದೆ, ನಮ್ಮಲ್ಲಿ 500ರ ಆಸುಪಾಸು, ಕೆಲವು ವರ್ಷ ಅದೂ ಇಲ್ಲ. ಶೇಂಗಾ ಬಿತ್ತುವವರ ಮನೆಯ ಮಕ್ಕಳಿಗೆ ಮಳೆಗಿಂತ ಹತ್ತಿರದ ವಿಷಯ ಬೇರೆ ಯಾವುದಿದೆ?

ಮಾಪಕ ಮಾಡುವುದು ಸುಲಭ. ಗೋಡೆ ನೇರವಾಗಿರುವ ಎರಡು ಲೀಟರಿನ ಬಾಟಲಿಯ ಮೇಲ್ಭಾಗ ಕತ್ತರಿಸಿ, ತಲೆಕೆಳಗಾಗಿ ಅದರೊಳಗೇ ಕೂರಿಸಿದರೆ ಅದೇ ಆಲಿಕೆ. ತಳ ಉಬ್ಬುತಗ್ಗಾಗಿರುವುದರಿಂದ ಬೆಣಚುಕಲ್ಲು ಹಾಕಿ, ಗೋಡೆ ನೇರವಾಗುವ ಮಟ್ಟದವರೆಗೆ ನೀರು ತುಂಬಿ, ಅಲ್ಲಿ ಸೊನ್ನೆ ಗೆರೆ ಎಳೆಯಬೇಕು. ಅದರ ಮೇಲೆ ಸ್ಕೇಲು ಅಂಟಿಸಿದರೆ ಮುಗಿಯಿತು.

ಕಷ್ಟವಾದದ್ದು ಒಂದೇ ಪ್ರಶ್ನೆ: ಮಳೆಯನ್ನು ಲೀಟರಿನಲ್ಲಿ ಹೇಳದೆ ಮಿಲಿಮೀಟರಿನಲ್ಲಿ ಯಾಕೆ ಹೇಳುತ್ತಾರೆ? "ಅಗಲವಾದ ಪಾತ್ರೆ ಇಟ್ಟರೆ ಹೆಚ್ಚು ಮಳೆ ಸಿಗುತ್ತದಲ್ಲ" ಎಂದು ಆರನೇ ತರಗತಿಯವರೆಲ್ಲ ಒಪ್ಪಿದರು. ಹಾಗಾದರೆ ಇಡಿ ಎಂದೆ. ಬಿಸಿಯೂಟದ ಅಗಲ ಡಬರಿ, ಒಂದು ಟಿಫಿನ್ ಡಬ್ಬಿ, ಒಂದು ಸ್ಟೀಲ್ ಲೋಟ, ಎಲ್ಲವೂ ನೇರ ಗೋಡೆಯವು, ಪಕ್ಕಪಕ್ಕ. ಮಳೆ ಬಂದು ನಿಂತ ಮೇಲೆ ಡಬರಿಯ ನೀರನ್ನು ಲೋಟಕ್ಕೆ ಸುರಿದರೆ ಲೋಟ ಎಷ್ಟೋ ಸಲ ತುಂಬಿತು. ಆದರೆ ಸ್ಕೇಲು ಇಳಿಬಿಟ್ಟು ಆಳ ನೋಡಿದಾಗ ಮೂರರಲ್ಲೂ ಒಂದೇ. ಒಬ್ಬಳು ಹುಡುಗಿ ಸ್ಕೇಲನ್ನು ಮೂರೂ ಪಾತ್ರೆಗೆ ಮತ್ತೆಮತ್ತೆ ಇಳಿಸಿ ನೋಡಿ, "ಹಂಗಾರೆ ಇಡೀ ಊರೇ ಒಂದು ಡಬರಿ ಆದ್ರೂ ಇಷ್ಟೇ ಆಳ ನಿಲ್ತಿತ್ತು" ಎಂದಳು. ಹರಿಯದೆ, ಇಂಗದೆ ನಿಂತರೆ ಹೌದು. ಅದಕ್ಕಿಂತ ಚೆನ್ನಾಗಿ ಅದನ್ನು ನಾನು ಹೇಳಲಾರೆ.

ಅಲ್ಲಿಂದ ಲೆಕ್ಕ ಓಡತೊಡಗಿತು. ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ಮಳೆ ಎಂದರೆ ಸರಿಯಾಗಿ ಒಂದು ಲೀಟರ್. ನಮ್ಮ ಎರಡು ಕೋಣೆಯ ತಾರಸಿ 12 ಮೀಟರ್ ಉದ್ದ, 6 ಮೀಟರ್ ಅಗಲ, 72 ಚದರ ಮೀಟರ್. 20 ಮಿಲಿಮೀಟರ್ ಬಿದ್ದರೆ 1,440 ಲೀಟರ್. ಸಾವಿರ ಲೀಟರಿನ ಟ್ಯಾಂಕು ತುಂಬಿ ಹೊರಚೆಲ್ಲುತ್ತದೆ. ವರ್ಷದ 500 ಮಿಲಿಮೀಟರಿಗೆ 36,000 ಲೀಟರ್, ಎಲ್ಲ ಮೋರಿಗೆ ಹೋಗುತ್ತಿದೆ. ಈ ಅಂಕಿಯನ್ನು ಮಕ್ಕಳೇ ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ಓದಿ ಹೇಳಿದರು.

ಮನೆಯಲ್ಲಿ ಮಳೆಯನ್ನು ಲೆಕ್ಕ ಹಾಕುವುದು ತಿಂಗಳಿನಿಂದಲ್ಲ, ನಕ್ಷತ್ರದಿಂದ. 365 ದಿನವನ್ನು 27 ನಕ್ಷತ್ರಗಳಿಗೆ ಹಂಚಿದರೆ ಒಂದೊಂದಕ್ಕೆ ಸುಮಾರು ಹದಿಮೂರೂವರೆ ದಿನ. ಮೃಗಶಿರ ಜೂನ್ ಎರಡನೇ ವಾರ, ಆರಿದ್ರ ಜೂನ್ 22ರ ಸುಮಾರಿಗೆ, ಪುನರ್ವಸು ಜುಲೈ ಮೊದಲ ವಾರ. ನಮ್ಮ ಮಳೆ ಪುಸ್ತಕದಲ್ಲಿ ಎರಡೂ ಕಾಲಂ ಇವೆ, ತಾರೀಕು ಮತ್ತು ಮಳೆಯ ಹೆಸರು. ರೈತರು ಮಳೆಯನ್ನು ನೆಲದಲ್ಲಿ ಅಳೆಯುತ್ತಾರೆ, ಮಣ್ಣು ಗೇಣು ನೆನೆದರೆ ಹದ. ಅದನ್ನೂ ಸೇರಿಸಿಕೊಂಡೆವು. ಮಳೆ ನಿಂತ ಮರುದಿನ ಕೆಂಪು ನೆಲದಲ್ಲೂ ಎರೆ ನೆಲದಲ್ಲೂ ಗುಂಡಿ ತೋಡಿ ತೇವ ಎಷ್ಟು ಆಳ ಇಳಿದಿದೆ ಎಂದು ಸ್ಕೇಲಿನಲ್ಲಿ ನೋಡುತ್ತಾರೆ. ಒಂದೇ ಮಳೆಗೆ ಕೆಂಪು ನೆಲದಲ್ಲಿ ತೇವ ಹೆಚ್ಚು ಆಳಕ್ಕೆ ಹೋಗುತ್ತದೆ, ಎರೆ ಮಣ್ಣು ಅದನ್ನು ಮೇಲೇ ಹಿಡಿದಿಟ್ಟುಕೊಳ್ಳುತ್ತದೆ. ಈ ಅಳತೆ ತೋರಿಸಿದಾಗ ಪಾಲಕರ ಸಭೆಯಲ್ಲಿ ಸುಮ್ಮನಿದ್ದ ಅಪ್ಪಂದಿರೂ ಮಾತಿಗಿಳಿದರು. ಅವರಿಗೆ ಮಕ್ಕಳಿಗಿಂತ ಹೆಚ್ಚು ಗೊತ್ತಿತ್ತು.

ಗ್ರಾಮ ಪಂಚಾಯಿತಿಯ ಮಟ್ಟದಲ್ಲಿ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಸ್ವಯಂಚಾಲಿತ ಮಾಪಕಗಳಿವೆ, ಹದಿನೈದು ನಿಮಿಷಕ್ಕೊಮ್ಮೆ ಬೆಂಗಳೂರಿಗೆ ಅಂಕಿ ಕಳಿಸುತ್ತವೆ. ಕೇಂದ್ರದ ವರುಣ ಮಿತ್ರ ಸಹಾಯವಾಣಿಗೆ ಫೋನ್ ಮಾಡಿ ನಮ್ಮ ಪಂಚಾಯಿತಿಯ ಲೆಕ್ಕ ಕೇಳಿದೆವು. ನಮ್ಮ ಬಾಟಲಿಗೂ ಅದಕ್ಕೂ ಕೆಲವು ದಿನ ತಾಳೆಯಾಯಿತು, ಕೆಲವು ದಿನ ಆಗಲಿಲ್ಲ. ಬೋರ್ಡಿನ ಮೇಲೆ ಕಾರಣಗಳ ಪಟ್ಟಿ ಬೆಳೆಯಿತು. ಹವಾಮಾನದವರು ದಿನದ ಮಳೆಯನ್ನು ಬೆಳಿಗ್ಗೆ ಎಂಟೂವರೆಗೆ ಮುಗಿಸುತ್ತಾರೆ, ನಾವು ಓದುತ್ತಿದ್ದದ್ದು ಪ್ರಾರ್ಥನೆಯ ಹೊತ್ತಿಗೆ. ಈಗ ಶಾಲೆಯ ಪಕ್ಕದ ಮನೆಯ ಹುಡುಗಿ ಎಂಟೂವರೆಗೆ ಬಂದು ಓದಿ ಬರೆದಿಡುತ್ತಾಳೆ, ಭಾನುವಾರವೂ. ಬಿಸಿಲಿಗೆ ಬಾಟಲಿಯ ನೀರು ಆರುತ್ತದೆಯೇ ಎಂದು ನೋಡಲು ಇನ್ನೊಂದು ಬಾಟಲಿಗೆ ಅಳೆದ ನೀರು ಹಾಕಿ ಇಟ್ಟಿದ್ದಾರೆ. ಒಂದೇ ಕಟ್ಟೆಯ ಮೇಲೆ ಎರಡು ಮಾಪಕ ಇಟ್ಟರೆ ಅವೆರಡರ ನಡುವೆಯೇ ಒಂದು ಮಿಲಿಮೀಟರ್ ಹೆಚ್ಚುಕಡಿಮೆ ಬರುತ್ತದೆ ಎಂದೂ ಕಂಡುಕೊಂಡರು. ಇವೆಲ್ಲ ಕಳೆದರೂ ಕೆಲವು ದಿನಗಳ ವ್ಯತ್ಯಾಸ ಉಳಿದೇ ಉಳಿಯಿತು. ಪಂಚಾಯಿತಿ ಮಾಪಕ ನಮ್ಮಿಂದ ಮೂರು ಕಿಲೋಮೀಟರ್ ದೂರ. ಅಲ್ಲಿ ಸುರಿದ ಮಳೆ ಇಲ್ಲಿ ಸುರಿಯದೇ ಇರಬಹುದೇ?

ಬೆಳೆ ವಿಮೆಯ ಮಾತು ಬಂದಾಗ ಊರಿನ ಹಿರಿಯರು ಕೇಳುವ ಪ್ರಶ್ನೆಯೂ ಇದೇ. 1993ರಿಂದ ನಡೆಯುತ್ತಿರುವ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶಕ್ಕೆ ಹತ್ತರಿಂದ ಹದಿನೇಳು ವರ್ಷದ ಮಕ್ಕಳು ತಮ್ಮೂರಿನ ಸಮಸ್ಯೆಯ ಅಧ್ಯಯನ ಒಯ್ಯಬಹುದು. ನಮ್ಮ ಎಂಟನೇ ತರಗತಿಯ ಇಬ್ಬರು ಇದನ್ನೇ ಆರಿಸಿಕೊಂಡಿದ್ದಾರೆ: ಊರೊಳಗೆ, ಗೊಲ್ಲರಹಟ್ಟಿಯಲ್ಲಿ, ಕೆರೆ ಏರಿಯ ಬಳಿ, ಗುಡ್ಡದ ಕೆಳಗಿನ ಹೊಲದಲ್ಲಿ ಒಂದೊಂದು ಮಾಪಕ, ಒಂದೊಂದಕ್ಕೂ ಓದುವ ಮಗು, ಎಲ್ಲ ಕಡೆಯೂ ಎಂಟೂವರೆಗೇ. ಅವರು ಹಾಕಿಕೊಂಡ ಮೊದಲ ಶರತ್ತು, ಎಲ್ಲ ಬಾಟಲಿಯೂ ಒಂದೇ ಕಂಪನಿಯದು, ಒಂದೇ ಅಳತೆಯದು ಇರಬೇಕು. ಮದುವೆ ಛತ್ರದ ಹಿಂದೆ ಆರಿಸಿ ತಂದವುಗಳಲ್ಲಿ ಮೂರು ಒಂದೇ ತೆರನವು ಸಿಕ್ಕಿವೆ. ನಾಲ್ಕನೆಯದನ್ನು ಮೃಗಶಿರ ಹುಟ್ಟುವುದರೊಳಗೆ ಹುಡುಕಬೇಕು.